ಎರಡೂವರೆಯ ಎಡೆ

ದಾಂಡೇಲಿಯಲ್ಲಿ ಮೊದಲ ಪಾಳಿ ಬಿಡುವುದು ಮಧ್ಯಾಹ್ನ ಎರಡಕ್ಕೆ. ಮಿಲ್ಲಿನ ಭೋಂಗಾ ಕೂಗಿತೆಂದರೆ ಊರಿನ ಅರ್ಧ ಮನೆಗಳಲ್ಲಿ ಸಾರು ಮತ್ತೆ ಒಲೆ ಏರುತ್ತದೆ. ತಾಯವ್ವನ ಮನೆಯಲ್ಲೂ ಏರುತ್ತದೆ. ಗಂಡ ಶಿವಲಿಂಗಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು, ಆ ಮನೆಯಲ್ಲಿ ಈಗ ಉಳಿದವಳು ಅವಳೊಬ್ಬಳೇ. ಆದರೂ ಎರಡರ ಭೋಂಗಾ ಕಿವಿಗೆ ಬಿದ್ದರೆ ಅವಳು ಎದ್ದು ಒಲೆ ಹಚ್ಚುತ್ತಾಳೆ, ಅಡುಗೆಮನೆಯಲ್ಲಿ ಮಣೆ ಹಾಕುತ್ತಾಳೆ, ತಟ್ಟೆಗೆ ಬಡಿಸುತ್ತಾಳೆ, ಮುಂಬಾಗಿಲು ಮುಂದೆ ಮಾಡಿ ಬಂದು ಗೋಡೆಗೆ ಮುಖ ಹಾಕಿ ಕೂರುತ್ತಾಳೆ. ಎರಡೂವರೆಗೆ ಅವನು ಬರುತ್ತಾನೆ.

ಬರುತ್ತಾನೆ ಎಂದರೆ ಕಣ್ಣಿಗೆ ಕಾಣುತ್ತಾನೆಂದಲ್ಲ. ವಾಸನೆ ಬರುತ್ತದೆ. ಬಿದಿರು, ನೀಲಗಿರಿ ಬೇಯಿಸಿ ಕಾಗದಕ್ಕೆ ತಿರುಳು ಮಾಡುವಾಗ ಏಳುವ ಆ ಹುಳಿಹುಳಿ ವಾಸನೆ ಅವನ ಖಾಕಿ ಅಂಗಿಗೆ ಮೂವತ್ತೆರಡು ವರ್ಷ ಅಂಟಿಕೊಂಡಿತ್ತು, ಯಾವ ಸಬಕಾರಕ್ಕೂ ಬಿಟ್ಟಿರಲಿಲ್ಲ. ಮಿಲ್ಲಿನ ವಾಸನೆ ಗಾಳಿ ತಿರುಗಿದಾಗ ಇಡೀ ಊರಿಗೇ ಬರುತ್ತದಲ್ಲ ಎಂದು ನೀವು ಕೇಳಬಹುದು. ತಾಯವ್ವ ದಡ್ಡಿಯಲ್ಲ, ಅವಳೂ ಅದನ್ನು ಯೋಚಿಸಿದ್ದಾಳೆ. ಗಾಳಿಯ ವಾಸನೆ ಕಿಟಕಿಯಿಂದ ಬರುತ್ತದೆ, ಇದು ಮಣೆಯ ಕಡೆಯಿಂದ ಬರುತ್ತದೆ. ಅದು ಕರಗುವ ತನಕ ಅವಳು ಹಿಂದೆ ತಿರುಗುವುದಿಲ್ಲ, ಕರಗಿದ ಮೇಲೆ ತಿರುಗಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಅದರಲ್ಲಿದ್ದ ಹೋಳಿಗೆಯನ್ನೋ ಕಡುಬನ್ನೋ ತುಪ್ಪ ಸಮೇತ ಒಂದೂ ಉಳಿಸದೆ ತಿನ್ನುತ್ತಾಳೆ.

ಇದು ಬಾಗಿಲು ಮುಚ್ಚಿದ ಮೇಲಿನ ಮಾತು. ಬಾಗಿಲ ಹೊರಗೆ ಅವಳ ಹೆಸರೇ ಬೇರೆ. ಓಣಿಯವರೆಲ್ಲ ಅವಳನ್ನು ಕರೆಯುವುದು ಡಯಟ್ ತಾಯಕ್ಕ ಎಂದು. ಶಿವಲಿಂಗಪ್ಪನಿಗೆ ಶುಗರ್ ಬಂದು ಮುನ್ನೂರರ ಮೇಲೆ ಹತ್ತಿ ಕೂತಾಗ ಅದನ್ನು ಹಿಡಿದು ಕೆಳಗಿಳಿಸಿದವಳು ಅವಳು. ಎರಡು ವರ್ಷ ಅವನ ಬಾಯಿಗೆ ಬೆಲ್ಲ ಮುಟ್ಟಿಸಲಿಲ್ಲ. ಮೆಂತ್ಯ ಸೊಪ್ಪಿನ ಪಚಡಿ, ಸವತೆಕಾಯಿ ಪಚಡಿ, ಗಜ್ಜರಿ ಕೋಸಂಬರಿ, ಮೊಳಕೆ ಬರಿಸಿದ ಹೆಸರುಕಾಳು, ಎಳೆಮೂಲಂಗಿಯನ್ನು ಎಲೆ ಸಮೇತ ಕೊಚ್ಚಿ ಗುರೆಳ್ಳು ಪುಡಿ ಉದುರಿಸಿದ್ದು, ಹೀಗೆ ದಿನಕ್ಕೊಂದು ಹಸಿರು ಅವನ ತಟ್ಟೆಗೆ ಬಿತ್ತು. ಡಾಕ್ಟರು ಓಪಿಡಿಯಲ್ಲಿ ಎಲ್ಲರೆದುರು ಅವಳನ್ನು ಹೊಗಳಿದರು. ಅವತ್ತು ಅವಳು ಆಸ್ಪತ್ರೆಯ ಮೆಟ್ಟಿಲು ಇಳಿದ ಜಂಬ ನೋಡಬೇಕಿತ್ತು, ಗಂಡ ಹಿಂದೆ ಬಂದನೋ ಇಲ್ಲವೋ ಎಂದು ಕೂಡ ನೋಡಲಿಲ್ಲ.

ಕಳೆದ ವರ್ಷದ ಕಾರಹುಣ್ಣಿಮೆಗೆ ಅವಳು ಕಡುಬು ಮಾಡಿದ್ದಳು. ಮನೆಗಲ್ಲ, ಹಳಿಯಾಳದಲ್ಲಿರುವ ಮಗಳು ಸಹನಾಳ ಮನೆಗೆ ಕಳಿಸಲು. ಶಿವಲಿಂಗಪ್ಪ ಎದುರಿಗಿದ್ದ ಪಚಡಿಯನ್ನು ಬೆರಳಿನಿಂದ ಆ ಕಡೆ ಈ ಕಡೆ ಮಾಡುತ್ತ, "ಒಂದ ಕಡಬ ಕೊಡ. ಒಂದರಾಗ ಏನ ಆಕ್ಕತಿ" ಎಂದ.

"ಎರಡ ವರ್ಷದ ಕಷ್ಟ ಒಂದರಾಗ ನೀರಾಗ ಹೊಕ್ಕತಿ" ಎಂದು ಅವಳು ಡಬ್ಬಿಯನ್ನು ಎತ್ತಿ ಕಪಾಟಿನ ನೆತ್ತಿಯ ಮೇಲಿಟ್ಟಳು. ಅವನು ಮತ್ತೆ ಕೇಳಲಿಲ್ಲ. ಐವತ್ತೇಳು ವರ್ಷದ ಗಂಡಸು, ಕತ್ತು ಎತ್ತಿ ಆ ಡಬ್ಬಿಯನ್ನು ಒಂದು ಗಳಿಗೆ ನೋಡಿದ, ಅಷ್ಟೇ. ಮರುದಿನ ಮೊದಲ ಪಾಳಿಗೆ ಹೋಗಿ ಮಿಲ್ಲಿನ ಸೈಕಲ್ ಸ್ಟ್ಯಾಂಡಿನಲ್ಲಿ ಸೈಕಲ್ಲಿಗೆ ಬೀಗ ಹಾಕಲು ಬಗ್ಗಿದವನು ಏಳಲಿಲ್ಲ. ಹೃದಯ ನಿಂತಿತ್ತು. ಶುಗರ್‌ಗೂ ಇದಕ್ಕೂ ಸಂಬಂಧವಿಲ್ಲ, ಶುಗರ್ ಚೆನ್ನಾಗಿಯೇ ಇತ್ತು ಎಂದು ಡಾಕ್ಟರು ಸಮಾಧಾನ ಹೇಳಿದರು. ಆ ಸಮಾಧಾನವೇ ಅವಳನ್ನು ಕೊಂದಿತು. ಸೈಕಲ್ಲಿನ ಜೊತೆ ಅವನ ತಿಂಡಿಯ ಡಬ್ಬಿಯೂ ಮನೆಗೆ ಬಂತು. ತೆರೆದು ನೋಡಿದರೆ ಮೊಳಕೆಕಾಳು ಅವಳು ತುಂಬಿಕೊಟ್ಟ ಹಾಗೆಯೇ ಇತ್ತು.

ಮೂರನೆಯ ದಿನ ಮಣ್ಣು ಕೊಟ್ಟ ಜಾಗಕ್ಕೆ ಅವನಿಗೆ ಇಷ್ಟವಾದದ್ದನ್ನೆಲ್ಲ ಒಯ್ದು ಎಡೆ ಇಟ್ಟರು. ಕಾಗೆ ಬಂದು ಮುಟ್ಟಬೇಕು, ಮುಟ್ಟಿದರೆ ಸತ್ತವನಿಗೆ ತೃಪ್ತಿ. ಕಾಗೆ ಬಂತು, ಸಾಗವಾನಿ ಮರದ ಮೇಲೆ ಕೂತಿತು, ಇಳಿಯಲಿಲ್ಲ. ಬಿಸಿಲೇರಿತು. ಅವನ ಮನಸ್ಸಿನಲ್ಲಿ ಏನೋ ಉಳಿದಿದೆ, ಮಾತು ಕೊಡಿ ಎಂದು ಹಿರಿಯರೊಬ್ಬರು ಹೇಳಿದರು. ಅವ್ವನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಸಹನಾ ಅತ್ತಳು. ಕಾಗೆ ಕದಲಲಿಲ್ಲ. ಆಗ ತಾಯವ್ವ ಎಲ್ಲರನ್ನೂ ಸರಿಸಿ ಮುಂದೆ ಬಂದು ಸೆರಗೊಡ್ಡಿ, "ದಿನಾ ಮಾಡಿ ಹಾಕ್ತೇನ್ರಿ. ನೀವು ಬೇಡಿದ್ದನ್ನ ಹಾಕ್ತೇನಿ. ಇನ್ನ ಇಲ್ಲ ಅನ್ನೂದಿಲ್ಲ" ಎಂದಳು. ಕಾಗೆ ಇಳಿದು ಕಡುಬಿನ ತುಂಡು ಕಚ್ಚಿಕೊಂಡು ಹಾರಿತು. ಬಂದವರು ಉಸಿರು ಬಿಟ್ಟು ಕೈಕಾಲು ತೊಳೆದುಕೊಂಡು ಮನೆಗೆ ಹೋದರು.

ಅಂಥ ಹೊತ್ತಿನಲ್ಲಿ ಆಡಿದ ಮಾತನ್ನು ಜನ ಮರೆಯುತ್ತಾರೆ, ಮರೆಯುವುದೇ ಒಳ್ಳೆಯದು. ತಾಯವ್ವ ಮರೆಯಲಿಲ್ಲ. ದಿನಾ ಎಂದಿದ್ದಳು, ದಿನಾ ಮಾಡಿದಳು. ಸತ್ತವರಿಗೆ ಹಿಡಿದ ಎಡೆಯನ್ನು ಚೆಲ್ಲುವಂತಿಲ್ಲ, ಪರರಿಗೆ ಕೊಡುವಂತಿಲ್ಲ, ಮನೆಯವರೇ ಉಣ್ಣಬೇಕು. ಮನೆಯವರೆಂದರೆ ಈಗ ಅವಳೊಬ್ಬಳೇ. ಮಗಳು ಇನ್ನೊಂದು ಮನೆಯವಳಾಗಿದ್ದಳು, ಮೇಲಾಗಿ ಮಧ್ಯಾಹ್ನ ಅವಳು ಬರದ ಹಾಗೆ ತಾಯವ್ವ ಏನಾದರೊಂದು ನೆವ ಹೇಳುತ್ತಿದ್ದಳು. ಹೀಗೆ ಗಂಡನಿಗೆ ಎರಡು ವರ್ಷ ಬಿಡಿಸಿದ್ದನ್ನೆಲ್ಲ ಹದಿನಾಲ್ಕು ತಿಂಗಳಲ್ಲಿ ಅವಳು ತಾನೇ ತಿಂದಳು.

ಅದರ ಫಲ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಾತ್ರಿ ನಾಲ್ಕು ಸಲ ಏಳುತ್ತಿದ್ದಳು, ಒಂದು ಬಿಂದಿಗೆ ನೀರು ಸಾಲುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಬಲಗಾಲಿನ ಹೆಬ್ಬೆರಳ ಸಂದಿಯ ಹುಣ್ಣು ಶಿವರಾತ್ರಿಯಲ್ಲಿ ಎದ್ದದ್ದು ಶ್ರಾವಣ ಬಂದರೂ ಮಾಯ್ದಿರಲಿಲ್ಲ. ಇವೆಲ್ಲದರ ಹೆಸರು ಅವಳಿಗೆ ಗೊತ್ತಿತ್ತು, ಎಲ್ಲಿಗೆ ಹೋಗಿ ಮುಟ್ಟುತ್ತದೆಂದೂ ಗೊತ್ತಿತ್ತು. ಆದರೆ ಅವಳ ಭಯ ಕಾಲಿನದಾಗಿರಲಿಲ್ಲ. ಸಿಹಿ ನಿಲ್ಲಿಸಿದರೆ ಮಾತು ತಪ್ಪುತ್ತದೆ, ಮಾತು ತಪ್ಪಿದರೆ ಅವನು ಬರುವುದಿಲ್ಲ. ಸತ್ತ ಗಂಡ ಮನೆಗೆ ಬರುತ್ತಾನೆಂದು ಬೇರೆ ಹೆಂಗಸರು ಹೆದರಿಯಾರು. ತಾಯವ್ವ ಹೆದರಿದ್ದು ಅವನು ಬರುವುದು ನಿಂತುಹೋದೀತೆಂದು.

ಹೀಗಿರುವಾಗ ಪಕ್ಕದ ಮನೆಯ ಶಹನಾಜ ಹೆಂಗಸರೆಲ್ಲ ಒಂದು ಕಡೆ ಸೇರಿ ಪಚಡಿ ಮಾಡಿ ತಿನ್ನುವ ಸಲಾಡ್ ಪಾರ್ಟಿಯ ಸುದ್ದಿ ಹೊತ್ತು ತಂದಳು. ಶಹನಾಜ ಓಣಿಯ ಮಹಿಳಾ ಸಂಘದ ಮುಖ್ಯಸ್ಥೆ, ಯಾವುದನ್ನೂ ಅರ್ಧಕ್ಕೆ ಬಿಡುವ ಹೆಂಗಸಲ್ಲ. ಮೊಬೈಲಿನಲ್ಲಿ ಯಾರೋ ಎಲೆಕೋಸು ಹೆಚ್ಚಿ ತೋರಿಸಿದ್ದನ್ನು ನೋಡಿದ್ದಳು. ಅಜ್ಜಿ ಕೈಯ ಪಚಡಿಗೆ ಮೂಗು ಮುರಿದವರೇ ಅದಕ್ಕೆ ಸಲಾಡ್ ಎಂದು ಹೆಸರಿಟ್ಟರೆ ಫೋಟೋ ತೆಗೆಯುವ ಕಾಲ ಇದು, ಅವಳನ್ನೊಬ್ಬಳನ್ನೇ ಅಂದು ಏನು ಬಂತು.

"ತಾಯಕ್ಕ, ನಮ್ಮ ಸಂಘದಾಗ ಅರ್ಧಾ ಮಂದಿಗೆ ಶುಗರ್ ಐತಿ, ಉಳದವ್ರಿಗೆ ಬರಾಕತ್ತೈತಿ" ಎಂದಳು ಶಹನಾಜ. "ನೀವ ಮಾಡಿ ತೋರಸ್ರಿ. ನಿಮ್ಮ ಪಡಸಾಲಿ ದೊಡ್ಡದೈತಿ, ನಿಮ್ಮನ್ಯಾಗ ಆಗಲಿ. ಜ್ಯೂಲಿ ಸಿಸ್ಟರ್ ಬಂದು ಎಲ್ಲಾರ ಶುಗರ್ ನೋಡ್ತಾರ."

ತಾಯವ್ವ ಮೈಯಲ್ಲಿ ಹುಷಾರಿಲ್ಲ ಎಂದಳು. ಮರುದಿನ ಮತ್ತೆ ಕೇಳಿದಾಗ ಮಗಳು ಬರುತ್ತಾಳೆ ಎಂದಳು. ಮೂರನೆಯ ಸಲ ಶಹನಾಜ ಅವಳ ಮುಖವನ್ನೇ ನೋಡುತ್ತ, "ಏನರ ಆಗೈತೇನ್ರಿ ಅಕ್ಕಾ?" ಎಂದಾಗ ಒಪ್ಪದೆ ವಿಧಿಯಿರಲಿಲ್ಲ. ಹನ್ನೊಂದಕ್ಕೆ ಶುರು ಮಾಡಿ ಒಂದಕ್ಕೆ ಮುಗಿಸಬೇಕು, ಒಂದರ ಮೇಲೆ ಯಾರೂ ಕೂರಬಾರದು ಎಂದು ಮಾತು ತೆಗೆದುಕೊಂಡಳು. ಎರಡೂವರೆಯ ಹೊತ್ತಿಗೆ ಮನೆ ಖಾಲಿಯಾದರೆ ಸಾಕಿತ್ತು.

ಗೊತ್ತಾದ ದಿನ ಹದಿನಾಲ್ಕು ಜನ ಹೆಂಗಸರು ಪಡಸಾಲೆಯಲ್ಲಿ ಚಾಪೆ ಮೇಲೆ ಕೂತರು. ತಾಯವ್ವ ಬೆಳಗಿನ ಜಾವವೇ ಹೋಳಿಗೆ ಮಾಡಿ, ಒಳಗೆ ಬೆತ್ತದ ಬುಟ್ಟಿ ಮುಚ್ಚಿಟ್ಟಿದ್ದಳು. ಹೊರಗೆ ಈಳಿಗೆ ಮುಂದಿಟ್ಟುಕೊಂಡು ಕೂತವಳು ಮೆಂತ್ಯ ಸೊಪ್ಪನ್ನು ಒಂದು ಹಿಡಿ ಹಿಡಿದು ಸರಸರ ಕೊಚ್ಚತೊಡಗಿದಾಗ ಮಾತ್ರ ಅವಳ ಮುಖಕ್ಕೆ ಹಳೆಯ ಕಳೆ ಬಂತು. ಕೈ ಬಲ್ಲ ಕೆಲಸ ಮನಸ್ಸನ್ನು ಸ್ವಲ್ಪ ಹೊತ್ತಾದರೂ ಸುಮ್ಮನಿರಿಸುತ್ತದೆ.

"ಉಪ್ಪ ಮೊದಲ ಹಾಕಬ್ಯಾಡ್ರಿ" ಎಂದಳು. "ಸವತಿಕಾಯಿ ನೀರ ಬಿಡ್ತೈತಿ, ತಟ್ಟ್ಯಾಗ ಕೆರಿ ಆಕ್ಕತಿ. ಉಣ್ಣಾಕ ಕುಂತ ಮ್ಯಾಲೆ ಉಪ್ಪ, ಲಿಂಬಿಹುಳಿ. ಶೇಂಗಾಪುಡಿ ಎಲ್ಲಾದ್ಕಿಂತ ಕಡೀಕ, ಒಂದ ಚಮಚ ಅಷ್ಟ."

"ಸಕ್ಕರಿ ಚಿಟಿಕಿ ಹಾಕಿದ್ರ ಛಲೋ ಆಕ್ಕತೆಲ್ರಿ" ಎಂದಳೊಬ್ಬಳು.

"ಹಾಕ್ರಿ. ಆಮ್ಯಾಲೆ ಪಚಡಿ ನೀವ ತಿನ್ರಿ, ಗುಳಿಗಿ ಗಂಡಗ ಕೊಡ್ರಿ" ಎಂದಳು ತಾಯವ್ವ. ಹೆಂಗಸರು ನಕ್ಕರು. ತಾನು ಆಡಿದ್ದೇನೆಂದು ಆಮೇಲೆ ಹೊಳೆದು ಅವಳ ಕೈ ಈಳಿಗೆಯ ಮೇಲೆ ಒಂದು ಕ್ಷಣ ತಡೆಯಿತು.

ಗಜ್ಜರಿ ತುರಿದದ್ದಾಯಿತು, ಉಳ್ಳಾಗಡ್ಡಿ ಎಲೆ ಹೆಚ್ಚಿದ್ದಾಯಿತು, ಎಲ್ಲರೂ ಬಟ್ಟಲಲ್ಲಿ ಹಾಕಿಕೊಂಡು ರುಚಿ ನೋಡಿದ್ದೂ ಆಯಿತು. ಒಂದಕ್ಕೇ ಮುಗಿಯಬೇಕಾದದ್ದು, ಆದರೆ ಜ್ಯೂಲಿ ಸಿಸ್ಟರ್ ಬಂದಿರಲಿಲ್ಲ. ಅವಳು ಹಳಿಯಾಳ ಕಡೆಯ ಹಳ್ಳಿಯ ಸಿದ್ದಿ ಹುಡುಗಿ, ಇಲ್ಲಿಯ ಆರೋಗ್ಯ ಕೇಂದ್ರದಲ್ಲಿ ನರ್ಸು. ಅವತ್ತು ಮಕ್ಕಳಿಗೆ ಲಸಿಕೆ ಹಾಕುವ ದಿನ, ಅದನ್ನು ಮುಗಿಸಿ ಅವಳು ಚೀಲ ಹೊತ್ತು ಬಂದಾಗ ಒಂದೂವರೆ. ಒಬ್ಬೊಬ್ಬರದೇ ಬೆರಳು ಚುಚ್ಚಿ ಹನಿ ರಕ್ತ ಪಟ್ಟಿಗೆ ತಾಗಿಸಿ, ಸಂಖ್ಯೆ ಓದಿ, ಬುದ್ಧಿ ಹೇಳುತ್ತ ಹೋದಳು. ಎರಡರ ಭೋಂಗಾ ಕೂಗಿತು. ತಾಯವ್ವ ಬಟ್ಟಲು ಎತ್ತಿದಳು, ಚಾಪೆಯ ತುದಿ ಮಡಚಿದಳು, ಬಾಗಿಲಿಗೆ ಹೋಗಿ ಬಂದಳು. ಒಬ್ಬರೂ ಏಳಲಿಲ್ಲ.

"ನಿಮ್ಮದೊಂದ ಉಳದೈತಿ ನೋಡ್ರಿ ಅಕ್ಕಾರ" ಎಂದಳು ಜ್ಯೂಲಿ.

"ನನ್ನದ್ಯಾಕ ಬೇಕು, ನಾ ಛಲೋ ಅದೇನಿ."

"ಗುರುಗಳದ ಮೊದಲ ನೋಡಬೇಕಿತ್ತು" ಎಂದು ಶಹನಾಜ ನಗುತ್ತ ಅವಳನ್ನು ಹಿಡಿದು ಕೂರಿಸಿ ಕೈ ಮುಂದೆ ಮಾಡಿದಳು. ಚುಚ್ಚಿದ್ದು ತಾಯವ್ವನಿಗೆ ಗೊತ್ತೇ ಆಗಲಿಲ್ಲ. ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಎರಡು ಇಪ್ಪತ್ತೈದು.

ಜ್ಯೂಲಿ ಯಂತ್ರ ನೋಡಿದಳು, ಯಾರಿಗೂ ಓದಿ ಹೇಳಲಿಲ್ಲ. ತಾಯವ್ವನಿಗೆ ಮಾತ್ರ ಕಾಣುವ ಹಾಗೆ ತಿರುಗಿಸಿ ಹಿಡಿದಳು. ನಾನೂರಾ ಹನ್ನೆರಡು.

"ಊಟ ಆಗೈತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ, ಇನ್ನ ಅವ್ರು ಬಂದಿಲ್ಲ" ಎಂದಳು ತಾಯವ್ವ.

ಎಂದವಳೇ ಎದ್ದಳು. ಅಲ್ಲಿಂದ ಮುಂದೆ ನಡೆದದ್ದನ್ನು ಅವಳು ಮಾಡಿದಳೆನ್ನುವುದಕ್ಕಿಂತ ಅವಳ ಕೈಗಳು ಮಾಡಿದವು. ಹದಿನಾಲ್ಕು ತಿಂಗಳ ರೂಢಿ ಎದುರಿಗೆ ಯಾರು ಕೂತಿದ್ದಾರೆಂದು ಕೇಳುವುದಿಲ್ಲ. ಮುಂಬಾಗಿಲು ಮುಂದೆ ಮಾಡಿದಳು, ಒಳಗೆ ಹೋಗಿ ಮಣೆ ಹಾಕಿದಳು, ಬುಟ್ಟಿ ತೆಗೆದು ಎರಡು ಹೋಳಿಗೆ ತಟ್ಟೆಗೆ ಬಡಿಸಿ ಮೇಲೆ ತುಪ್ಪ ಸುರಿದಳು, ನೀರಿನ ತಂಬಿಗೆ ಎಡಕ್ಕೆ ಇಟ್ಟಳು, ಗೋಡೆಗೆ ಮುಖ ಮಾಡಿ ಕೂತಳು. ಪಡಸಾಲೆಯಿಂದ ಅಡುಗೆಮನೆ ಪೂರ್ತಿ ಕಾಣುತ್ತದೆ. ಬಟ್ಟಲು ಹಿಡಿದವರ ಬಟ್ಟಲು ಕೈಯಲ್ಲೇ ಉಳಿಯಿತು.

ಪಡಸಾಲೆಯ ಮೌನ ಬೆನ್ನಿಗೆ ತಾಗಿದ ಮೇಲೆ ತಾಯವ್ವನಿಗೆ ಎಚ್ಚರವಾಯಿತು. ತಾನು ಏನು ಮಾಡಿ ಕೂತಿದ್ದೇನೆಂದು ತಿಳಿದು ನಾಚಿಕೆಯಾಯಿತು, ಆದರೆ ತಿರುಗಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಮಣೆಯ ಕಡೆಯಿಂದ ಆ ಹುಳಿ ವಾಸನೆ ಬಂತು. ಇಷ್ಟು ಜನರ ನಡುವೆಯೂ ಬಂತು. ಅವಳಿಗೆ ಅಳು ಉಕ್ಕಿತು.

"ಮಿಲ್ಲಿನ ವಾಸನಿ ಎಲ್ಲಿಂದ ಬಂತವಾ ಈಗ" ಎಂದು ಬಾಗಿಲ ಹತ್ತಿರ ಕೂತಿದ್ದ ಮುದುಕಿಯೊಬ್ಬಳು ಕಿಟಕಿಯ ಕಡೆ ನೋಡಿದಳು. ಕಿಟಕಿ ಹಾಕಿತ್ತು.

ಶಹನಾಜ ಮೊದಲು ಎದ್ದಳು. "ನಡೀರಿ, ಹೋಗೂಣು" ಎಂದಳು, ಅದೂ ಪಿಸುಮಾತಿನಲ್ಲಿ. ಚಪ್ಪಲಿಯ ಸದ್ದಾಗದ ಹಾಗೆ ಒಬ್ಬೊಬ್ಬರನ್ನೇ ಹೊರಗೆ ದಾಟಿಸಿ, ತಾನೂ ಹೋಗುವ ಮುಂಚೆ ಬಾಗಿಲನ್ನು ಮೊದಲಿನ ಹಾಗೆಯೇ ಮುಂದೆ ಮಾಡಿದಳು. ಇಷ್ಟು ವರ್ಷದ ನೆರೆಯಲ್ಲಿ ಅವಳು ಮಾಡಿದ ಉಪಕಾರಗಳಲ್ಲಿ ಅದೇ ದೊಡ್ಡದು.

ಜ್ಯೂಲಿ ಉಳಿದಳು. ತಾಯವ್ವ ತಾನಾಗಿ ತಿರುಗುವ ತನಕ ಕಾದಳು. ಆಮೇಲೆ ತಟ್ಟೆಯ ಕಡೆ ಹೋದ ಅವಳ ಕೈಯನ್ನು ತಡೆಯಲಿಲ್ಲ, ಅವಳ ಬಲಗಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು ಬೆರಳ ಸಂದಿ ಬಿಡಿಸಿ ನೋಡಿದಳು.

"ಎಷ್ಟ ದಿನದ್ದರಿ ಇದು?"

ತಾಯವ್ವ ಹುಣ್ಣಿನ ಮಾತು ಬಿಟ್ಟು ಕಾಗೆಯ ಮಾತು ಹೇಳಿದಳು, ಕಡುಬಿನ ಡಬ್ಬಿಯ ಮಾತು ಹೇಳಿದಳು. ಮಗಳಿಗೂ ಹೇಳದ್ದನ್ನು ಈ ಹುಡುಗಿಗೆ ಯಾಕೆ ಹೇಳಿದಳೋ. ಬಹುಶಃ ಕಾಲು ಹಿಡಿದು ಕೂತವರ ಮುಂದೆ ಸುಳ್ಳು ಹೇಳುವುದು ಕಷ್ಟ.

ಜ್ಯೂಲಿ ನಗಲಿಲ್ಲ, ಇದೆಲ್ಲ ಮೂಢನಂಬಿಕೆ ಎಂದೂ ಹೇಳಲಿಲ್ಲ. "ನಮ್ಮ ಮನ್ಯಾಗ ಭಾನುವಾರಕ್ಕೊಮ್ಮೆ ಚರ್ಚಿಗೆ ಹೊಕ್ಕೇವ್ರಿ. ಆದ್ರೂ ತೀರಿಹೋದ ಹಿರ್ಯಾರಿಗೆ ತಗದಿಡದ ನಮ್ಮವ್ವ ಯಾರಿಗೂ ಬಡಸೂದಿಲ್ಲ" ಎಂದಳು, ಹುಣ್ಣಿಗೆ ಔಷಧ ಹಚ್ಚುತ್ತ. "ಅವ್ರಿಗಂತ ಬ್ಯಾರೆ ಅಡಗಿ ಮಾಡೂದಿಲ್ರಿ. ನಮ್ಮ ಗಡಿಗ್ಯಾಗ ಏನೈತಿ ಅದ. ಗಂಜಿ ಇದ್ದ ದಿನ ಅವ್ರಿಗೂ ಗಂಜಿ. ಮನ್ಯಾವ್ರು ಅಂದಮ್ಯಾಲೆ ಮನ್ಯಾಗಿದ್ದಿದ್ದ ಉಣ್ಣಬೇಕಲ್ರಿ."

"ಉಣ್ಣಾಕ ಬರದಿದ್ರ?"

ಜ್ಯೂಲಿ ಪಟ್ಟಿ ಕಟ್ಟುವುದನ್ನು ನಿಲ್ಲಿಸಿದಳು. "ಅದು ನನಗ ಗೊತ್ತಿಲ್ರಿ" ಎಂದಳು. "ಕಾಲು ಇನ್ನ ಒಂದ ತಿಂಗಳ ಹಿಂಗ ಬಿಟ್ರ ಏನಾಕ್ಕತಿ ಅಂತ ಮಾತ್ರ ಗೊತ್ತು. ನಾಳೆ ಮುಂಜಾನೆ ಆಸ್ಪತ್ರಿಗೆ ನಾ ಕರ್ಕೊಂಡ ಹೊಕ್ಕೇನಿ. ಹೇಳಬೇಕಾಗಿದ್ದು ಅವ್ರಿಗೆ ನೀವ ಹೇಳ್ರಿ."

ಮರುದಿನ ಜ್ಯೂಲಿ ಬಂದು ಕರೆದೊಯ್ದಳು. ಇನ್ಸುಲಿನ್ ಬರೆದರು, ಕಾಲಿನ ಹುಣ್ಣು ತೊಳೆದು ಕಟ್ಟಿದರು, ಬೆರಳು ಉಳಿಯುತ್ತದೆ ಅನಿಸುತ್ತದೆ, ತಡ ಮಾಡಿದ್ದೀರಿ ಎಂದು ಬೈದರು. ಹನ್ನೆರಡಕ್ಕೆ ಮನೆಗೆ ಬಂದ ತಾಯವ್ವ ಮೆಂತ್ಯ ಸೊಪ್ಪು ಬಿಡಿಸಿದಳು. ಎರಡರ ಭೋಂಗಾ ಕೂಗಿತು. ಅವಳು ಮಣೆ ಹಾಕಿ ತಟ್ಟೆಗೆ ಒಂದು ಜೋಳದ ರೊಟ್ಟಿ, ಮೆಂತ್ಯದ ಪಚಡಿ, ಒಂದು ಬಟ್ಟಲು ಮಜ್ಜಿಗೆ ಇಟ್ಟಳು. ಗೋಡೆಗೆ ತಿರುಗುವ ಮೊದಲು ಖಾಲಿ ಮಣೆಯ ಎದುರು ನಿಂತಳು.

"ನೋಡ್ರಿ" ಎಂದಳು. "ನಿಮಗ ಕೊಟ್ಟ ಮಾತ ಇವತ್ತ ಮುರ್ಯಾಕತ್ತೇನಿ. ನನಗೂ ಶುಗರ್ ಬಂದೈತಿ, ಕಾಲ ಕೊಳ್ಯಾಕತ್ತೈತಿ. ಸಿಹಿ ಮಾಡಿದ್ರ ನಾನ ತಿನ್ನಬೇಕಾಕ್ಕತಿ, ಮನ್ಯಾಗ ಬ್ಯಾರೆ ಯಾರದಾರ. ಆವತ್ತ ಒಂದ ಕಡಬ ಕೊಡಬೇಕಿತ್ತು, ಕೊಡಲಿಲ್ಲ. ತಪ್ಪಾತು. ನೀವು ಉಳೀಲಿ ಅಂತ ಹಂಗ ಮಾಡಿದ್ದೆ. ಈಗ ನಾ ಉಳೀಬೇಕಂತ ಹಿಂಗ ಮಾಡಾಕತ್ತೇನಿ. ಒಪ್ಪಿದ್ರ ಬಂದು ಉಣ್ರಿ."

ಅವಳು ಗೋಡೆಗೆ ತಿರುಗಿ ಕೂತಳು. ಎರಡೂವರೆಯಾಯಿತು. ಎರಡೂಮುಕ್ಕಾಲಾಯಿತು. ಲಿಂಬೆಹಣ್ಣಿನ ವಾಸನೆ, ಹಸಿಮೆಂತ್ಯದ ಕಹಿ ವಾಸನೆ, ಅಷ್ಟೇ. ಕಿಟಕಿ ತೆರೆದರೆ ಗಾಳಿಯಾದರೂ ತಂದೀತೆಂದು ಎದ್ದು ಹೋಗಿ ಕಿಟಕಿ ತೆರೆದಳು. ಬೀದಿಯಲ್ಲಿ ಆಟೋ ಹೋಯಿತು, ಪಾಳಿ ಮುಗಿಸಿದವರ ಕೊನೆಯ ಸೈಕಲ್ಲುಗಳು ಹೋದವು. ಮೂರು ಹೊಡೆಯಿತು. ಅವಳು ತಿರುಗಿ ನೋಡಿದಳು. ಮಣೆ ಬರೀ ಮಣೆಯಾಗಿತ್ತು, ಅಡುಗೆಮನೆ ಬರೀ ಅಡುಗೆಮನೆಯಾಗಿತ್ತು.

ಗಂಡ ಸತ್ತ ದಿನ ಬಂದವರನ್ನು ನೋಡಿಕೊಳ್ಳುವುದರಲ್ಲಿ ಅವಳಿಗೆ ಸರಿಯಾಗಿ ಅಳಲೂ ಆಗಿರಲಿಲ್ಲ. ಈಗ ಅತ್ತಳು. ಗೋಡೆಗೆ ತಲೆ ಆನಿಸಿ, ಬಾಯಿಗೆ ಸೆರಗು ಕೂಡ ಅಡ್ಡ ಹಿಡಿಯದೆ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು ತಟ್ಟೆ ಎಳೆದುಕೊಂಡು, ಆರಿದ ರೊಟ್ಟಿ ಮುರಿದು ಪಚಡಿಯ ಜೊತೆ ಪೂರ್ತಿ ಉಂಡಳು.

ಕೈ ತೊಳೆಯುವಾಗ ಮೊಬೈಲು ಹೊಡೆದುಕೊಂಡಿತು. ಶಹನಾಜ ಎಲ್ಲವನ್ನೂ ಸಹನಾಳಿಗೆ ಹೇಳಿದ್ದಳೆಂದು ಮಗಳ ದನಿಯಲ್ಲೇ ತಿಳಿಯುತ್ತಿತ್ತು.

"ಅವ್ವಾ, ಮನ್ಯಾಗ ಅದಿಯೇನು? ಈಗ ಬಸ್ ಹತ್ತಿದ್ರ ನಾಲ್ಕೂವರಿಗೆ ಅಲ್ಲಿರ್ತೇನಿ" ಎಂದಳು ಸಹನಾ. ಆಮೇಲೆ ತಡೆದು ತಡೆದು ಕೇಳಿದಳು, "ಬರಲೇನು? ಯಾರರ ಅದಾರೇನು ಅಲ್ಲೆ?"

ತಾಯವ್ವ ಒಮ್ಮೆ ಮಣೆಯ ಕಡೆ ನೋಡಿದಳು.

"ಯಾರೂ ಇಲ್ಲವಾ" ಎಂದಳು. "ಬಾ. ಒಬ್ಬಾಕಿನ ಅದೇನಿ."